ಮೃಗಶಿರೆಗೆ ಮುನ್ನ: ಮಲೆನಾಡಿನ ಮಕ್ಕಳ ಉಬ್ಬಸ ಮತ್ತು ಮನೆಯ ಆರೈಕೆ

(ಉಪನ್ಯಾಸದ ಬರಹರೂಪ)



ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಕೃಷಿಕರಿಗೆ ಮಳೆಗಾಲದ ಸಿದ್ಧತೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳು ಮುಗಿಯುವುದರೊಳಗೆ ಒಣ ಕಟ್ಟಿಗೆ ಸೂರಿನಡಿ ಸೇರುತ್ತದೆ. ಹುಲ್ಲು ಅಟ್ಟವೇರುತ್ತದೆ. ಒಡೆದ ಹೆಂಚುಗಳು ಬದಲಾಗುತ್ತವೆ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಡಬ್ಬಿ ಭರಣಿಗಳನ್ನು ತುಂಬುತ್ತವೆ. ತೋಟಕ್ಕೆ ಬೇಕಾದ ಮೈಲುತುತ್ತ, ಸುಣ್ಣ ಮೊದಲೇ ಬಂದು ಮೂಲೆಯಲ್ಲಿ ಕುಳಿತಿರುತ್ತವೆ. ಆದರೆ ಅದೇ ಮನೆಯಲ್ಲಿ ಕಳೆದ ವರ್ಷದ ಆರಿದ್ರಾ ಮಳೆಯಲ್ಲಿ ಇಡೀ ರಾತ್ರಿ ಕುಳಿತು ಏದುಸಿರು ಬಿಟ್ಟ ಮಗುವಿದ್ದರೆ, ಆ ಮಗುವಿನ ಉಸಿರಿಗಾಗಿ ಯಾವ ಸಿದ್ಧತೆ ಆಗಿದೆ ಎಂಬ ಪ್ರಶ್ನೆಗೆ ಬಹುತೇಕ ಮನೆಗಳಲ್ಲಿ ಉತ್ತರವಿರುವುದಿಲ್ಲ. ಇಂದಿನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಹಳ್ಳಿಗಳಲ್ಲಿ ಗೂರಲು, ದಮ್ಮು, ಉಬ್ಬಸ ಎಂದು ಹಲವು ಹೆಸರಿನಿಂದ ಕರೆಯಲ್ಪಡುವ ಆಸ್ತಮಾ ಪಟ್ಟಣದ ಹೊಗೆಯ ಕಾಯಿಲೆ ಎಂಬ ನಂಬಿಕೆ ಸಾಮಾನ್ಯವಾಗಿದೆ. ಅದಕ್ಕೆ ಆಧಾರವೂ ಇಲ್ಲದಿಲ್ಲ. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಸುಮಾರು 20,000 ಮಕ್ಕಳನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಆಸ್ತಮಾ ಇದ್ದವರ ಪ್ರಮಾಣ 1979ರಲ್ಲಿ ಶೇಕಡ 9 ಇದ್ದದ್ದು 1999ರ ವೇಳೆಗೆ ಶೇಕಡ 29.5ಕ್ಕೆ ಏರಿತ್ತು. ಅವು ಆಸ್ಪತ್ರೆಯ ಬಾಗಿಲಿಗೆ ಬಂದ ಮಕ್ಕಳ ಅಂಕಿಗಳೇ ಹೊರತು ಇಡೀ ನಗರದವಲ್ಲ. ಆದರೂ ಏರಿಕೆಯ ದಿಕ್ಕು ಸ್ಪಷ್ಟ. ಹಾಗೆಂದು ಹಸಿರು ಗುಡ್ಡಗಳ ನಡುವೆ ಬೆಳೆಯುವ ಮಕ್ಕಳಿಗೆ ಈ ರೋಗದಿಂದ ವಿನಾಯಿತಿ ಇಲ್ಲ. ಒಲೆಯ ಹೊಗೆ, ನಾಲ್ಕು ತಿಂಗಳ ಥಂಡಿ, ಗೋಡೆಯ ಬೂಷ್ಟು, ಅಡಿಕೆ ಸಿಪ್ಪೆಯ ಧೂಳು ಇವೆಲ್ಲ ಮಲೆನಾಡಿನವೇ. ಮತ್ತೊಂದು ಸಂಗತಿ ಇನ್ನೂ ಗಂಭೀರವಾದುದು. 2019ರ ಜಾಗತಿಕ ಅಂದಾಜಿನ ಪ್ರಕಾರ ಜಗತ್ತಿನ ಆಸ್ತಮಾ ರೋಗಿಗಳಲ್ಲಿ ಭಾರತದವರು ಶೇಕಡ 13ರಷ್ಟು. ಆಸ್ತಮಾದಿಂದ ಸಾಯುವವರಲ್ಲಿ ಭಾರತದವರು ಶೇಕಡ 40ಕ್ಕೂ ಹೆಚ್ಚು. ರೋಗಕ್ಕಿಂತ ಆರೈಕೆಯ ಕೊರತೆಯೇ ಹೆಚ್ಚು ಜೀವ ತೆಗೆಯುತ್ತಿದೆ ಎಂಬುದನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಉಬ್ಬಸ ಎಂದರೇನು?

ಅಡಿಕೆ ತೋಟದ ಬಸಿಗಾಲುವೆ ಮೂರು ಬಗೆಯಲ್ಲಿ ಕಟ್ಟಬಹುದು. ದಂಡೆ ಒಳಕ್ಕೆ ಕುಸಿಯಬಹುದು, ಬದಿಯ ಮಣ್ಣು ನೆನೆದು ಉಬ್ಬಬಹುದು, ಇಲ್ಲವೇ ಕೆಸರು ತುಂಬಿಕೊಳ್ಳಬಹುದು. ಉಬ್ಬಸದಲ್ಲಿ ಶ್ವಾಸನಾಳಗಳಿಗೆ ಈ ಮೂರೂ ಏಕಕಾಲಕ್ಕೆ ಆಗುತ್ತವೆ. ನಾಳದ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ, ಒಳಪದರ ಉರಿಯೂತದಿಂದ ಊದಿಕೊಳ್ಳುತ್ತದೆ, ಅಂಟಾದ ಕಫ ತುಂಬುತ್ತದೆ. ಮಕ್ಕಳ ನಾಳಗಳು ಮೊದಲೇ ಸಣ್ಣವು. ಆದ್ದರಿಂದ ಅಲ್ಪ ಊತವೂ ಅವರಿಗೆ ದೊಡ್ಡ ಕಷ್ಟವಾಗುತ್ತದೆ. ಉಸಿರು ಬಿಡುವಾಗ ಕೇಳುವ ಸುಂಯ್ ಎಂಬ ಸದ್ದು, ರಾತ್ರಿ ಮತ್ತು ಬೆಳಗಿನ ಜಾವ ಹೆಚ್ಚುವ ಕೆಮ್ಮು, ಓಡಿದಾಗ ಅಥವಾ ಜೋರಾಗಿ ನಕ್ಕಾಗ ಬರುವ ಕೆಮ್ಮು, ಎದೆ ಬಿಗಿತ ಇವು ಮುಖ್ಯ ಲಕ್ಷಣಗಳು.

ಸುಂಯ್‌ಗುಟ್ಟುವುದೆಲ್ಲ ಆಸ್ತಮಾ ಅಲ್ಲ. ಅಮೆರಿಕದ ಟಕ್ಸನ್ ನಗರದಲ್ಲಿ ನಡೆದು 1995ರಲ್ಲಿ ಪ್ರಕಟವಾದ ದೀರ್ಘ ಅಧ್ಯಯನದಲ್ಲಿ, ಮೂರು ವರ್ಷದೊಳಗೆ ಉಬ್ಬಸ ಕಂಡ ಮಕ್ಕಳ ಪೈಕಿ ಸುಮಾರು ಶೇಕಡ 60ರಷ್ಟು ಮಕ್ಕಳು ಆರನೆಯ ವಯಸ್ಸಿಗೆ ಅದರಿಂದ ಮುಕ್ತರಾಗಿದ್ದರು. ಹೀಗಾಗಿ ಒಂದೆರಡು ಸಲ ಸುಂಯ್‌ಗುಟ್ಟಿದ ಶಿಶುವಿಗೆ ಜೀವನಪೂರ್ತಿ ರೋಗಿಯ ಪಟ್ಟ ಕಟ್ಟುವುದು ಸಲ್ಲದು. ಪದೇ ಪದೇ ಬರುವ ಉಬ್ಬಸವನ್ನು ‘ಶೀತದ ಮೈ’ ಎಂದು ತಳ್ಳಿಹಾಕುವುದೂ ಸಲ್ಲದು. ಎರಡು ವಾರ ಮೀರಿದ ಕೆಮ್ಮಿನ ಜೊತೆ ಜ್ವರ ಅಥವಾ ತೂಕ ಇಳಿಕೆ ಇದ್ದರೆ ಕ್ಷಯದ ಪರೀಕ್ಷೆ ಆಗಲೇಬೇಕು. ಅಡಿಕೆ ಸೀಮೆಯ ತಾಯಂದಿರು ವಿಶೇಷವಾಗಿ ನೆನಪಿಡಬೇಕಾದ ವಿಷಯ ಒಂದಿದೆ. ಚೆನ್ನಾಗಿ ಆಡುತ್ತಿದ್ದ ಪುಟ್ಟ ಮಗು ಇದ್ದಕ್ಕಿದ್ದಂತೆ ಕೆಮ್ಮಿ, ಉಸಿರು ಕಟ್ಟಿ, ಆಮೇಲೆ ಸುಂಯ್‌ಗುಟ್ಟತೊಡಗಿದರೆ ಅಡಿಕೆಯ ಹೋಳೋ ಶೇಂಗಾ ಬೀಜವೋ ಶ್ವಾಸನಾಳಕ್ಕೆ ಹೊಕ್ಕಿರಬಹುದು. ಅದು ಪಂಪಿನಿಂದ ಹೋಗುವುದಲ್ಲ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕಾದುದು.

ಬೋರ್ಡೋ ದ್ರಾವಣ ಕಲಿಸಿದ ಪಾಠ

1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಮಳೆ ಹಿಡಿಯುವ ಮುನ್ನವೇ ಗೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕ್ರಮವನ್ನು ಬಳಕೆಗೆ ತಂದರು. 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಇಂದು ಮಲೆನಾಡಿನ ಎಳೆಯರಿಗೂ ಬಾಯಿಪಾಠ. ಮೊದಲ ಸಿಂಪರಣೆ ಮಳೆಗೆ ಮುನ್ನ, ಎರಡನೆಯದು 40–45 ದಿನಗಳ ಅನಂತರ. ಗೊನೆ ಹಸಿರಾಗಿ ನಳನಳಿಸುತ್ತಿದೆ ಎಂದು ಯಾವ ತೋಟಗಾರನೂ ಸಿಂಪರಣೆಯನ್ನು ಬಿಡುವುದಿಲ್ಲ. ಕಾಯಿ ಉದುರತೊಡಗಿದ ಮೇಲೆ ಹೊಡೆದ ಔಷಧಿ ಅರ್ಧ ಪ್ರಯೋಜನವನ್ನೂ ಕೊಡದೆಂಬುದು ಅವನ ಅನುಭವ.

ಆಸ್ತಮಾದ ಚಿಕಿತ್ಸೆಯೂ ಇದೇ ತತ್ತ್ವದ ಮೇಲೆ ನಿಂತಿದೆ. ಔಷಧಿಗಳಲ್ಲಿ ಎರಡು ಬಗೆ. ಒಂದು, ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುವ ಶಮನಕಾರಿ. ಸಾಲ್ಬುಟಮಾಲ್ ಇದರಲ್ಲಿ ಮುಖ್ಯವಾದುದು. ಮತ್ತೊಂದು, ಒಳಪದರದ ಊತವನ್ನು ದಿನದಿನವೂ ತಗ್ಗಿಸಿ ಉಬ್ಬಸ ಬಾರದಂತೆ ತಡೆಯುವ ಪ್ರತಿಬಂಧಕ. ಬುಡೆಸೊನೈಡ್‌ನಂಥ ಉಸಿರಿನ ಮೂಲಕ ಸೇವಿಸುವ ಸ್ಟೀರಾಯ್ಡ್‌ಗಳು ಈ ಗುಂಪಿನವು. ಪ್ರತಿಬಂಧಕವೇ ಮಗುವಿನ ಬೋರ್ಡೋ ದ್ರಾವಣ. ಅದನ್ನು ತೆಗೆದುಕೊಂಡ ಕೂಡಲೇ ಹಾಯೆನಿಸುವುದಿಲ್ಲ. ಅದರ ಫಲ ಕಾಣಲು ಕೆಲವು ದಿನಗಳಿಂದ ವಾರಗಳು ಬೇಕು. ಇದರಿಂದಾಗಿಯೇ ಬಹಳ ಮನೆಗಳಲ್ಲಿ ತಕ್ಷಣ ಗುಣ ತೋರುವ ಶಮನಕಾರಿ ಉಳಿದುಕೊಂಡು, ರೋಗವನ್ನು ನಿಜವಾಗಿ ಹತೋಟಿಯಲ್ಲಿಡುವ ಪ್ರತಿಬಂಧಕ ಮೂಲೆ ಸೇರುತ್ತದೆ. ಬರೀ ಶಮನಕಾರಿಯನ್ನೇ ನೆಚ್ಚುವುದು ಅಪಾಯಕರವೆಂದು ಅಂತಾರಾಷ್ಟ್ರೀಯ ಮಾರ್ಗಸೂಚಿಗಳು 2019ರಿಂದ 12 ವರ್ಷ ಮೇಲ್ಪಟ್ಟವರ ವಿಷಯದಲ್ಲಿ ಸ್ಪಷ್ಟವಾಗಿ ಹೇಳಿವೆ. ವಾರಕ್ಕೆ ಎರಡು ದಿನಕ್ಕಿಂತ ಹೆಚ್ಚು ಶಮನಕಾರಿ ಬೇಕಾಗುತ್ತಿದ್ದರೆ, ಅಥವಾ ಕೆಮ್ಮಿನಿಂದ ಮಗು ರಾತ್ರಿ ಏಳುತ್ತಿದ್ದರೆ, ರೋಗ ಹತೋಟಿಯಲ್ಲಿಲ್ಲವೆಂದೇ ತಿಳಿದು ವೈದ್ಯರನ್ನು ಕಾಣಬೇಕು. ಮಗು ಗೆಲುವಾಗಿದೆ ಎಂದು ಮನೆಯವರೇ ಪ್ರತಿಬಂಧಕವನ್ನು ನಿಲ್ಲಿಸಬಾರದು. ಕಡಿಮೆ ಮಾಡುವುದಿದ್ದರೂ ವೈದ್ಯರ ಸಲಹೆಯಂತೆ, ಅದೂ ಮಳೆಗಾಲದ ಹೊಸ್ತಿಲಲ್ಲಿ ಬೇಡ.

ಪಂಪಿನ ಭಯ

‘ಪಂಪು ಒಮ್ಮೆ ಹಿಡಿದರೆ ಬಿಡುವುದಿಲ್ಲ’, ‘ಅದು ಕೊನೆಯ ಔಷಧಿ’ ಎಂಬ ಮಾತುಗಳು ಮದುವೆ ಮನೆಯಿಂದ ಸೊಸೈಟಿಯ ಜಗಲಿಯವರೆಗೆ ಎಲ್ಲೆಡೆ ಕೇಳಿಬರುತ್ತವೆ. ಹೆಣ್ಣುಮಗುವಾದರೆ ಮುಂದೆ ಸಂಬಂಧ ಕೂಡಿಬರದೆಂಬ ಅಂಜಿಕೆಯಿಂದ ಪಂಪನ್ನು ಬಚ್ಚಿಡುವುದೂ ಉಂಟು. ಈ ಭಯಕ್ಕೆ ಲೆಕ್ಕವೇ ಉತ್ತರ. ಸಾಲ್ಬುಟಮಾಲ್ ಮಾತ್ರೆಯೊಂದರಲ್ಲಿ 2ರಿಂದ 4 ಮಿಲಿಗ್ರಾಂ ಔಷಧಿಯಿದ್ದರೆ ಪಂಪಿನ ಒಂದು ಒತ್ತಿನಲ್ಲಿ ಇರುವುದು 100 ಮೈಕ್ರೊಗ್ರಾಂ, ಅಂದರೆ ಮಿಲಿಗ್ರಾಮಿನ ಹತ್ತರಲ್ಲೊಂದು ಭಾಗ. ಗೊನೆಗೆ ತಗುಲಬೇಕಾದ ಔಷಧಿಯನ್ನು ಗೊನೆಗೇ ಸಿಂಪಡಿಸುವುದಕ್ಕೂ ಮರದ ಬುಡಕ್ಕೆ ಕೊಡಗಟ್ಟಲೆ ಸುರಿಯುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಪಂಪಿನ ಹುಟ್ಟೂ ಒಂದು ಮಗುವಿಗೆ ಋಣಿ. 1955ರಲ್ಲಿ ಅಮೆರಿಕದ ಔಷಧಿ ಕಂಪನಿಯೊಂದರ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಆಸ್ತಮಾಪೀಡಿತ ಮಗಳು, ತನ್ನ ಔಷಧಿ ಸ್ಪ್ರೇ ಡಬ್ಬಿಯಲ್ಲಿ ಏಕೆ ಬರಬಾರದೆಂದು ಕೇಳಿದಳು. ಮರುವರ್ಷವೇ ಅಳತೆಯ ಪಂಪು ಮಾರುಕಟ್ಟೆಗೆ ಬಂತು.

ಪ್ರತಿಬಂಧಕ ಸ್ಟೀರಾಯ್ಡ್‌ಗೆ ಅಡ್ಡಪರಿಣಾಮವೇ ಇಲ್ಲವೆಂದಲ್ಲ. ದೀರ್ಘಕಾಲ ಬಳಸಿದ ಮಕ್ಕಳ ಎತ್ತರದಲ್ಲಿ ಸರಾಸರಿ ಒಂದು ಸೆಂಟಿಮೀಟರಿನಷ್ಟು ವ್ಯತ್ಯಾಸ ಕಂಡಿದೆ. ಬಾಯಿ ಮುಕ್ಕಳಿಸದಿದ್ದರೆ ನಾಲಗೆಯ ಮೇಲೆ ಬಿಳಿ ಅಗ್ರ ಬರಬಹುದು. ಆದರೆ ವರ್ಷಕ್ಕೆ ನಾಲ್ಕಾರು ಸಲ ಉಬ್ಬಸ ಉಲ್ಬಣಿಸಿ, ಪ್ರತಿ ಬಾರಿಯೂ ಸ್ಟೀರಾಯ್ಡ್ ಮಾತ್ರೆ ಅಥವಾ ಚುಚ್ಚುಮದ್ದು ಪಡೆಯುವ ಮಗುವಿನ ಮೈಗೆ ಸೇರುವ ಪ್ರಮಾಣ ಇದಕ್ಕಿಂತ ಬಹುಪಾಲು ಹೆಚ್ಚು. ಹೆಸರೇ ತಿಳಿಯದ ಪುಡಿಯನ್ನು ಪೊಟ್ಟಣ ಕಟ್ಟಿಕೊಡುವ ಕಡೆಯಲ್ಲಿ ಮಗುವಿಗೆ ಏನು ಸಿಗುತ್ತಿದೆ ಎಂಬುದೇ ಗೊತ್ತಾಗದು.

ಮಕ್ಕಳಿಗೆ ಪಂಪನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಔಷಧಿಯ ಬಹುಭಾಗ ಗಂಟಲಲ್ಲೇ ಉಳಿಯುತ್ತದೆ. ನಡುವೆ ಸ್ಪೇಸರ್ ಎಂಬ ಪೊಳ್ಳು ಕೊಳವೆ ಇರಲೇಬೇಕು. ನಾಲ್ಕು ವರ್ಷದೊಳಗಿನವರಿಗೆ ಅದರ ತುದಿಗೆ ಮುಖಕ್ಕೆ ಒಪ್ಪುವ ಮಾಸ್ಕ್ ಬೇಕು. ಪಂಪನ್ನು ಚೆನ್ನಾಗಿ ಕುಲುಕಿ, ಸ್ಪೇಸರ್‌ಗೆ ಸಿಕ್ಕಿಸಿ, ಮಾಸ್ಕ್ ಮೂಗು ಬಾಯಿಗಳನ್ನು ಪೂರ್ಣ ಮುಚ್ಚುವಂತೆ ಹಿಡಿದು ಒಂದೇ ಒಂದು ಬಾರಿ ಒತ್ತಬೇಕು. ಮಗು ಐದಾರು ಬಾರಿ ಸಹಜವಾಗಿ ಉಸಿರಾಡಲಿ. ಎರಡನೆಯ ಒತ್ತು ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಕೊಡಬೇಕು. ಸ್ಪೇಸರ್ ಅನ್ನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಅದ್ದಿ ತೆಗೆದು, ಬಟ್ಟೆಯಿಂದ ಒರೆಸದೆ ಹಾಗೆಯೇ ಆರಲು ಬಿಡಬೇಕು. ಒರೆಸಿದರೆ ಸ್ಥಾಯೀವಿದ್ಯುತ್ ಉಂಟಾಗಿ ಔಷಧಿ ಒಳಗೋಡೆಗೇ ಅಂಟುತ್ತದೆ. ಸ್ಪೇಸರ್ ಕೊಳ್ಳಲಾಗದ ಮನೆಗೂ ದಾರಿಯಿದೆ. ದಕ್ಷಿಣ ಆಫ್ರಿಕಾದ ಮಕ್ಕಳ ತಜ್ಞೆ ಹೆದರ್ ಜಾರ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 500 ಮಿ.ಲೀ. ಪ್ಲಾಸ್ಟಿಕ್ ನೀರಿನ ಬಾಟಲಿಯ ತಳದಲ್ಲಿ ಪಂಪಿನ ಬಾಯಿ ಬಿಗಿಯಾಗಿ ಕೂರುವಂತೆ ತೂತು ಮಾಡಿ ಬಳಸಿದಾಗ ಅದು ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡಿತು. ಹೀಗೆ ಮಾಡುವಾಗ ಸಂದಿಗಳನ್ನು ಮುಚ್ಚಬೇಕು ಮತ್ತು ಮೊದಲು ಕೆಲವು ಒತ್ತುಗಳನ್ನು ಬಾಟಲಿಯೊಳಗೆ ಬಿಟ್ಟು ಹದಮಾಡಿಕೊಳ್ಳಬೇಕು. ವೈದ್ಯರಿಗೋ ಆರೋಗ್ಯ ಸಹಾಯಕಿಗೋ ಒಮ್ಮೆ ತೋರಿಸಿಕೊಂಡರೆ ಒಳಿತು. ಸಾಮಾನ್ಯವಾಗಿ ಪಂಪೊಂದರಲ್ಲಿ 200 ಒತ್ತುಗಳಿರುತ್ತವೆ. ಖಾಲಿಯಾದ ಮೇಲೂ ಅದು ಸದ್ದು ಮಾಡುವುದರಿಂದ ಎಣಿಕೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸುತ್ತ ಹೋಗುವುದೇ ಸರಿಯಾದ ಕ್ರಮ. ಪಂಪನ್ನು ಒಲೆಯ ಬಳಿ ಇಡಬಾರದು.

ಅಡುಗೆಮನೆಯಲ್ಲಿ ಆರಿದ ಹೊಗೆ, ಬಚ್ಚಲಲ್ಲಿ ಉಳಿದ ಹೊಗೆ

ಉಜ್ವಲಾ ಯೋಜನೆ 2016ರಲ್ಲಿ ಆರಂಭವಾದ ಮೇಲೆ ಗ್ಯಾಸ್ ಒಲೆ ಮಲೆನಾಡಿನ ಒಳಹಳ್ಳಿಗಳನ್ನೂ ತಲುಪಿದೆ. ಆದರೆ ಸ್ನಾನದ ನೀರು ಕಾಯುವುದು ಇಂದಿಗೂ ಕಟ್ಟಿಗೆಯಲ್ಲೇ. ಮಳೆಗಾಲದಲ್ಲಿ ಬಚ್ಚಲ ಒಲೆ ಹಗಲಿರುಳು ಉರಿಯುತ್ತದೆ, ಅದರ ಮೇಲೆ ಒದ್ದೆ ಬಟ್ಟೆ ಒಣಗುತ್ತದೆ, ಚಳಿಗೆಂದು ಮಕ್ಕಳು ಅದರ ಮುಂದೆಯೇ ಕೂರುತ್ತಾರೆ. ಗಾಳಿಯಲ್ಲಿನ ಅತಿಸೂಕ್ಷ್ಮ ಕಣಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ನಿಗದಿಪಡಿಸಿದ ಮಿತಿ ದಿನವೊಂದರ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೊಗ್ರಾಂ. ಚಿಮಣಿಯಿಲ್ಲದ ಕಟ್ಟಿಗೆ ಒಲೆ ಉರಿಯುವ ಕೋಣೆಯಲ್ಲಿ ಇದು ನೂರುಗಳಲ್ಲಿರುತ್ತದೆ.

ಪರಿಹಾರ ಅಪರಿಚಿತವಲ್ಲ. ಪ್ರೊ. ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ, ಹೊಗೆಯನ್ನು ಚಿಮಣಿಯ ಮೂಲಕ ಹೊರಹಾಕುವುದರ ಜೊತೆಗೆ ಕಟ್ಟಿಗೆಯನ್ನೂ ಉಳಿಸುತ್ತದೆ. ಗೋಬರ್ ಅನಿಲ ಸ್ಥಾವರವಿರುವ ಮನೆಗಳಿಗೆ ಮತ್ತೂ ಸುಲಭ. ಇದಾವುದೂ ಆಗದಿದ್ದರೂ ಕಟ್ಟಿಗೆಯನ್ನು ಚೆನ್ನಾಗಿ ಒಣಗಿಸುವುದು ಯಾರಿಂದಲೂ ಸಾಧ್ಯ. ಹಸಿಕಟ್ಟಿಗೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಆ ನೀರನ್ನು ಕಾಯಿಸುವುದರಲ್ಲೇ ಬೆಂಕಿ ಸೋತು ಹೊಗೆಯಾಗುತ್ತದೆ. ಬಚ್ಚಲ ಚಿಮಣಿಯ ಮಸಿಯನ್ನು ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ತೆಗೆಯಬೇಕು. ಅಡಿಕೆ ಸುಗ್ಗಿಯಲ್ಲಿ ಬೇಯಿಸುವ ಒಲೆ ಮತ್ತು ಸುಲಿಯುವ ಯಂತ್ರದ ಬಳಿ ಉಬ್ಬಸದ ಮಗುವನ್ನು ಕೂರಿಸಬಾರದು. ಮನೆಯೊಳಗಿನ ಬೀಡಿ ಸಿಗರೇಟು, ಸೊಳ್ಳೆಬತ್ತಿ, ಧೂಪದ ಹೊಗೆಗಳೂ ಒಲೆಯ ಹೊಗೆಯ ಬಂಧುಗಳೇ. ಸೊಳ್ಳೆಗೆ ಪರದೆ ಸಾಕು. ದೇವರಿಗೆ ದೀಪ ಸಾಕು.

ಮನೆಯ ಹೊಗೆಯಂತೆ ಊರಿನ ಹೊಗೆಯೂ ಒಂದಿದೆ. ಸುಗ್ಗಿಯ ಅನಂತರ ಅಡಿಕೆ ಸಿಪ್ಪೆಯನ್ನು ರಸ್ತೆಬದಿಗೆ ಸುರಿದು ಬೆಂಕಿ ಹಾಕುವ ರೂಢಿ ಹರಡಿದೆ. ಆ ರಾಶಿ ದಿನಗಟ್ಟಲೆ ಉರಿಯದೆ ಹೊಗೆಯಾಡುತ್ತದೆ. ಸಿಪ್ಪೆ ನಾರಿನಂಶ ಹೆಚ್ಚಿರುವ ಸಾವಯವ ವಸ್ತು. ಸಗಣಿ ಬಗ್ಗಡ ಚಿಮುಕಿಸಿ, ಹಸಿರು ಸೊಪ್ಪಿನೊಡನೆ ಪದರಪದರವಾಗಿ ಒಟ್ಟಿ, ತೇವ ಕಾಯ್ದುಕೊಂಡರೆ ನಿಧಾನವಾಗಿಯಾದರೂ ಅದು ಗೊಬ್ಬರವಾಗುತ್ತದೆ. ತೋಟದಿಂದ ಬಂದದ್ದು ತೋಟಕ್ಕೆ ಮರಳುವ ಬದಲು ಪಕ್ಕದ ಮನೆಯ ಮಗುವಿನ ಎದೆ ಸೇರುವುದು ಕೃಷಿಯೂ ಅಲ್ಲ, ನೆರೆಹೊರೆಯ ಧರ್ಮವೂ ಅಲ್ಲ.

ಥಂಡಿ, ಬೂಷ್ಟು, ನುಸಿ

ವರ್ಷಕ್ಕೆ 7,000 ಮಿ.ಮೀ.ಗೂ ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರುಗಳಿರುವ ಸೀಮೆಯಲ್ಲಿ ಮನೆಯನ್ನು ಪೂರ್ಣ ಒಣಗಿಸಿಡುವುದು ಆಗದ ಮಾತು. ಮಗು ಮಲಗುವ ಒಂದು ಕೋಣೆಯನ್ನು ಒಣಗಿಸಿಡುವುದು ಸಾಧ್ಯವಿದೆ. ಒದ್ದೆ ಬಟ್ಟೆ, ಅಡಿಕೆ ಮೂಟೆ, ಹಳೆಯ ಪುಸ್ತಕದ ರಾಶಿ ಆ ಕೋಣೆಯಲ್ಲಿರದಿರಲಿ. ಗೋಡೆಯ ಬೂಷ್ಟನ್ನು ಒಣಬಟ್ಟೆಯಿಂದ ಕೆರೆದರೆ ಬೀಜಾಣುಗಳು ಹಾರುತ್ತವೆ. ಸೋಪಿನ ನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಮಗು ಹತ್ತಿರವಿರಬಾರದು. ಹೆಂಚು ಸೋರುವುದನ್ನು ತಡೆಯದೆ ಬೂಷ್ಟು ಒರೆಸುವುದು ವ್ಯರ್ಥ.

ಹಾಸಿಗೆ, ದಿಂಬು, ಕಂಬಳಿಗಳಲ್ಲಿ ಕಣ್ಣಿಗೆ ಕಾಣದ ಧೂಳುನುಸಿಗಳು ಬೆಳೆಯುತ್ತವೆ. ಗಾಳಿಯ ತೇವದಿಂದಲೇ ಅವು ಬದುಕುತ್ತವೆ; ಆದ್ದರಿಂದ ಮಲೆನಾಡಿನ ಮಳೆಗಾಲ ಅವುಗಳಿಗೆ ಹಬ್ಬ. ಸುಮಾರು 55–60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಅವು ಸಾಯುತ್ತವೆ. ಪಟ್ಟಣದವರು ಇದಕ್ಕೆ ಯಂತ್ರ ಹುಡುಕಬೇಕು. ಇಲ್ಲಿ ಬಚ್ಚಲ ಹಂಡೆ ಸದಾ ಕಾದಿರುತ್ತದೆ. ಮಗುವಿನ ಹೊದಿಕೆ ಮತ್ತು ದಿಂಬಿನ ಚೀಲವನ್ನು ವಾರಕ್ಕೊಮ್ಮೆ ಆ ನೀರಿನಲ್ಲಿ ನೆನೆಸಿ ಒಗೆಯಬೇಕು. ಹತ್ತಿಯ ಹಾಸಿಗೆಯನ್ನು ಮೇ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಕಾಯಿಸಿ, ದಪ್ಪ ನೇಯ್ಗೆಯ ಹೊದಿಕೆಯಲ್ಲಿ ಮುಚ್ಚಿಡಬೇಕು. ಗುಡಿಸುವಾಗ ಧೂಳೆಬ್ಬಿಸದೆ ಒದ್ದೆಬಟ್ಟೆಯಿಂದ ನೆಲ ಒರೆಸುವುದು ಮೇಲು.

ಹಾಗಾದರೆ ಕೊಟ್ಟಿಗೆಯೂ ಶತ್ರುವೇ? ಹಾಗೇನಿಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ ಎರಡು ಕೃಷಿಕ ಸಮುದಾಯಗಳನ್ನು ಹೋಲಿಸಿತು. ಕುದುರೆಗಳನ್ನು ನೆಚ್ಚಿ, ಮನೆಗೆ ಹೊಂದಿಕೊಂಡ ಕೊಟ್ಟಿಗೆಯಲ್ಲಿ ಮಕ್ಕಳು ಆಡುವ ಆಮಿಶ್ ಸಮುದಾಯದಲ್ಲಿ ಆಸ್ತಮಾ ಶೇಕಡ 5ರಷ್ಟಿದ್ದರೆ, ಯಂತ್ರಗಳಿಂದ ದೊಡ್ಡ ಪ್ರಮಾಣದಲ್ಲಿ ಕೃಷಿ ಮಾಡುವ ಹಟರೈಟ್ ಸಮುದಾಯದಲ್ಲಿ ಅದು ಶೇಕಡ 21ರಷ್ಟಿತ್ತು. ದನಕರುಗಳ ಒಡನಾಟ ಎಳವೆಯಲ್ಲಿ ರಕ್ಷಣೆ ನೀಡುವಂತಿದೆ. ಆದರೆ ಈಗಾಗಲೇ ಉಬ್ಬಸವಿರುವ ಮಗುವಿಗೆ ಬೂಷ್ಟು ಹಿಡಿದ ಒಣಹುಲ್ಲನ್ನು ಕೊಡವುವ ಕೆಲಸ ಹೇಳಬಾರದು. ಆ ಧೂಳು ಬಲಿತವರ ಶ್ವಾಸಕೋಶಕ್ಕೂ ಹಾನಿಕರ.

ಅಕೇಶಿಯಾ ಮತ್ತು ಸತ್ಯ

ಪರಿಸರ ಚಳವಳಿಯ ಬಳಗದಲ್ಲಿ ಹೇಳಲೇಬೇಕಾದ ಮಾತೊಂದಿದೆ. 1980ರ ದಶಕದಿಂದ ಮಲೆನಾಡಿನ ಗುಡ್ಡ, ಗೋಮಾಳಗಳನ್ನು ಆಕ್ರಮಿಸಿದ ಆಸ್ಟ್ರೇಲಿಯಾ ಮೂಲದ ಅಕೇಶಿಯಾ ಮರವೇ ಮಕ್ಕಳ ಉಬ್ಬಸಕ್ಕೆ ಕಾರಣವೆಂದು ವೇದಿಕೆಗಳಲ್ಲಿ ಹೇಳಲಾಗುತ್ತದೆ. ಅದರ ಪರಾಗಕ್ಕೆ ಅಲರ್ಜಿ ಇರುವವರು ಇದ್ದಾರೆ ಎಂಬುದು ನಿಜ. ಆದರೆ ಆ ಪರಾಗ ಭಾರವಾದುದು, ಮುಖ್ಯವಾಗಿ ಕೀಟಗಳಿಂದ ಸಾಗುವಂಥದು. ಉಬ್ಬಸ ಹೆಚ್ಚು ಕಾಡುವುದು ಮಳೆಗಾಲದಲ್ಲಿ ಮತ್ತು ಚಳಿಯಲ್ಲಿ. ಮಕ್ಕಳಲ್ಲಿ ಉಲ್ಬಣಕ್ಕೆ ಬಹುಪಾಲು ಕಾರಣ ಶೀತದ ವೈರಸ್‌ಗಳು. ಜೂನ್‌ನಲ್ಲಿ ಶಾಲೆ ತೆರೆದು ನೆಗಡಿ ಹರಡಿದ ಬೆನ್ನಿಗೇ ಉಬ್ಬಸ ಏಳುವುದು ಇದರಿಂದಲೇ. ಏಕಜಾತಿ ನೆಡುತೋಪು ಸೊಪ್ಪು, ಮೇವು, ಕಾಡಿನ ವೈವಿಧ್ಯಗಳನ್ನು ನುಂಗುತ್ತದೆ. ಅದನ್ನು ವಿರೋಧಿಸಲು ಅಷ್ಟೇ ಕಾರಣ ಸಾಕು. ಮಗುವಿನ ಕಾಯಿಲೆಯನ್ನೆಲ್ಲ ಒಂದು ಮರದ ತಲೆಗೆ ಕಟ್ಟಿದರೆ, ಬಚ್ಚಲ ಹೊಗೆಯೂ ಬಿಟ್ಟುಹೋದ ಔಷಧಿಯೂ ಕಣ್ಣಿಗೆ ಬೀಳದೆ ಹೋಗುತ್ತವೆ. ಇದಕ್ಕೆ ಹೋಲಿಸಿದರೆ ಪಾರ್ಥೇನಿಯಂ ಕಳೆಯ ಮೇಲಿನ ಆರೋಪಕ್ಕೆ ಪುರಾವೆ ಗಟ್ಟಿ. ಅದರ ಪರಾಗ ಮೂಗಿನ ಅಲರ್ಜಿ, ಆಸ್ತಮಾಗಳನ್ನು ಉಂಟುಮಾಡುವುದು ಬೆಂಗಳೂರಿನಲ್ಲೇ ಸಿದ್ಧವಾಗಿದೆ. ಶಾಲೆಯ ಆವರಣ, ರಸ್ತೆಬದಿಗಳಲ್ಲಿ ಅದು ಹೂಬಿಡುವ ಮುನ್ನ, ಮಣ್ಣು ಹಸಿಯಿರುವಾಗ, ದೊಡ್ಡವರು ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಉಬ್ಬಸದ ಮಕ್ಕಳನ್ನು ಆ ಶ್ರಮದಾನಕ್ಕೆ ಹಚ್ಚಬಾರದು.

ಮನೆಮದ್ದಿನ ಸ್ಥಾನ

ಆಡುಸೋಗೆಯ ಎಲೆಯಲ್ಲಿನ ವಾಸಿಸಿನ್ ಎಂಬ ಅಂಶವೇ ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್ ಔಷಧಿಗೆ ಮೂಲ. ಶುಂಠಿ, ಕಾಳುಮೆಣಸು, ತುಳಸಿಯ ಬಿಸಿ ಕಷಾಯ ಗಂಟಲಿಗೆ ಹಿತ. ಇವುಗಳನ್ನು ಹೀಗಳೆಯಬೇಕಾಗಿಲ್ಲ; ಆದರೆ ಉಲ್ಬಣಿಸಿದ ಉಬ್ಬಸದಲ್ಲಿ ಬಿಗಿದ ನಾಳವನ್ನು ಕಷಾಯ ಬಿಚ್ಚಲಾರದು. ಒಂದು ವರ್ಷದೊಳಗಿನ ಶಿಶುವಿಗೆ ಜೇನು ನೆಕ್ಕಿಸಬಾರದು. ಬಿಸಿನೀರಿನ ಹಬೆ ಉಬ್ಬಸವನ್ನು ಗುಣಪಡಿಸದು. ಪಾತ್ರೆ ಮಗುಚಿ ಮಗು ಬೆಂದ ದುಃಖಗಳೇ ಹೆಚ್ಚು. ದತ್ತೂರಿ ಎಲೆಯ ಹೊಗೆ ಸೇದಿಸುವ ಹಳೆಯ ಕ್ರಮದಲ್ಲಿ ನಾಳ ಸಡಿಲಿಸುವ ಗುಣವಿದ್ದುದು ನಿಜ. ಆದರೆ ಮದ್ದಿಗೂ ವಿಷಕ್ಕೂ ನಡುವೆ ಅಲ್ಲಿ ಅಂತರವೇ ಇಲ್ಲ. ಮಕ್ಕಳ ಹತ್ತಿರ ಅದು ಸುಳಿಯಲೂಬಾರದು. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಮದ್ದು ನುಂಗಿಸಿ ಬರುವವರು, ಅದೇ ನಂಬಿಕೆಯಿಂದ ಪ್ರತಿಬಂಧಕವನ್ನು ನಿಲ್ಲಿಸಿದರೆ ಅಪಾಯ ಆರಂಭವಾಗುವುದು ಅಲ್ಲಿಂದಲೇ. ಬಾಳೆಹಣ್ಣು, ಮೊಸರು, ಕಿತ್ತಳೆಗಳನ್ನೆಲ್ಲ ನಿಷೇಧಿಸಿ ಮಗುವನ್ನು ಸೊರಗಿಸುವುದಕ್ಕೂ ಆಧಾರವಿಲ್ಲ. ಯಾವುದನ್ನಾದರೂ ತಿಂದಾಗಲೆಲ್ಲ ತೊಂದರೆ ಆಗುತ್ತಿದ್ದರೆ ಅದನ್ನು ಮಾತ್ರ ಬಿಡಿಸಿದರಾಯಿತು.

ನಡುರಾತ್ರಿ ಉಸಿರು ಕಟ್ಟಿದಾಗ

ಶರಾವತಿ ಹಿನ್ನೀರಿನ ಆಚೆಯ ತುಮರಿ ಸೀಮೆಯ ಜನರಿಗೆ, ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈ 14ರಂದು ತೆರೆಯುವವರೆಗೂ, ಸಂಜೆ ಲಾಂಚ್ ನಿಂತ ಮೇಲೆ ಕಾಡಿನ ಸುತ್ತುದಾರಿಯೇ ಗತಿಯಾಗಿತ್ತು. ಸೇತುವೆ ಬಂದರೂ ಹೊಸನಗರದ ನಗರ ಹೋಬಳಿ, ತೀರ್ಥಹಳ್ಳಿಯ ಘಟ್ಟದಂಚಿನ ಎಷ್ಟೋ ಒಂಟಿಮನೆಗಳಿಗೆ ಮಳೆಗಾಲದ ರಾತ್ರಿ ಆಸ್ಪತ್ರೆ ಇಂದಿಗೂ ದೂರವೇ. ಮರ ಬಿದ್ದ ರಸ್ತೆ, ಸಿಗದ ಮೊಬೈಲ್ ಸಂಕೇತ, ಕೈಕೊಟ್ಟ ಕರೆಂಟು ಇವುಗಳನ್ನೂ ಲೆಕ್ಕದಲ್ಲಿಟ್ಟೇ ಮನೆಯ ಯೋಜನೆ ಸಿದ್ಧವಾಗಬೇಕು.

ಮೊದಲ ಕೆಲಸ, ಮಗುವನ್ನು ಮಲಗಿಸದೆ ನೆಟ್ಟಗೆ ಕೂರಿಸುವುದು, ಸುತ್ತಲಿನವರ ಗದ್ದಲ ತಗ್ಗಿಸುವುದು. ಎರಡನೆಯದು, ಸ್ಪೇಸರ್ ಮೂಲಕ ಶಮನಕಾರಿ ಕೊಡುವುದು. ವೈದ್ಯರು ಬರೆದುಕೊಟ್ಟ ಪ್ರಮಾಣವೇ ಪ್ರಮಾಣ. ಸಾಮಾನ್ಯವಾಗಿ ಚಿಕ್ಕ ಮಕ್ಕಳಿಗೆ 2 ಒತ್ತು, ಒಂದಾದ ಮೇಲೊಂದು. ಗುಣ ಕಾಣದಿದ್ದರೆ 20 ನಿಮಿಷದ ಅಂತರದಲ್ಲಿ ಮತ್ತೆರಡು ಸಲ ಕೊಡಬಹುದು. ಆಸ್ಪತ್ರೆ ಹತ್ತಿರವಿದ್ದವರು ಆ ಒಂದು ಗಂಟೆ ನೋಡಬಹುದು. ದಾರಿಯೇ ಒಂದು ಗಂಟೆಯಾಗುವ ಮನೆಯವರು ಮೊದಲ ಬಾರಿ ಕೊಟ್ಟು ಗುಣ ಕಾಣದಿದ್ದರೆ ಹೊರಟೇಬಿಡಬೇಕು, ದಾರಿಯುದ್ದಕ್ಕೂ ಔಷಧಿ ಮುಂದುವರಿಸಬೇಕು. ಶಮನಕಾರಿಯ ಗುಣ ಮೂರು ಗಂಟೆಯೂ ನಿಲ್ಲದಿದ್ದರೆ ಅದೂ ಹೊರಡುವ ಸೂಚನೆಯೇ.

ಕೆಲವು ಲಕ್ಷಣಗಳಿಗಂತೂ ಕಾಯುವಂತೆಯೇ ಇಲ್ಲ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ, ಕತ್ತಿನ ಕೆಳಗೆ ಗುಳಿ ಬೀಳುವುದು, ಒಂದು ವಾಕ್ಯ ಪೂರ್ತಿ ಆಡಲಾಗದಿರುವುದು, ಶಿಶುವಾದರೆ ಹಾಲು ಕುಡಿಯಲಾರದಿರುವುದು, ತುಟಿ, ಉಗುರು ನೀಲಿಗಟ್ಟುವುದು, ಮಂಪರು. ಜೋರಾಗಿದ್ದ ಸುಂಯ್ ಸದ್ದು ನಿಂತು ಮಗು ಬಳಲಿ ಸುಮ್ಮನಾದರೆ ಗುಣವಾಯಿತೆಂದು ತಿಳಿಯಬಾರದು; ಸದ್ದು ಮಾಡುವಷ್ಟು ಗಾಳಿಯೂ ಒಳಹೋಗುತ್ತಿಲ್ಲವೆಂಬುದು ಅದರ ಅರ್ಥ. ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುವುದನ್ನು ಮನೆಯ ಒಬ್ಬರಾದರೂ ಕಲಿತಿರಬೇಕು. ಎರಡರಿಂದ ಹನ್ನೆರಡು ತಿಂಗಳ ಶಿಶುವಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕೂ ಹೆಚ್ಚಿದ್ದರೆ ಅದು ವೇಗದ ಉಸಿರು. ಜ್ವರವೂ ಇದ್ದರೆ ನ್ಯುಮೋನಿಯಾ ಇರಬಹುದು. 2008ರಿಂದ ಕರ್ನಾಟಕದಲ್ಲಿರುವ 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ಅದು ಬರುವ ದಾರಿಯ ಗುರುತನ್ನು, ಊರಿನಲ್ಲಿ ರಾತ್ರಿ ಜೀಪು ತೆಗೆಯುವವರ ದೂರವಾಣಿ ಸಂಖ್ಯೆಯನ್ನು, ಔಷಧಿಯ ಪ್ರಮಾಣವನ್ನು ಒಂದೇ ಹಾಳೆಯಲ್ಲಿ ಬರೆದು ಪಂಚಾಂಗದ ಪಕ್ಕದಲ್ಲಿ ತೂಗುಹಾಕಿರಬೇಕು. ಮಧ್ಯರಾತ್ರಿಯಲ್ಲಿ ಅಜ್ಜಿಯೊಬ್ಬರೇ ಇದ್ದರೂ ಓದಲು ಬರುವಷ್ಟು ದಪ್ಪ ಅಕ್ಷರದಲ್ಲಿ ಅದು ಇರಲಿ.

ಊರಿನ ಹೊಣೆ

ಸಾಲ್ಬುಟಮಾಲ್, ಬುಡೆಸೊನೈಡ್ ಪಂಪುಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಅವು ಸ್ಪೇಸರ್ ಸಹಿತ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೃಗಶಿರೆಗೆ ಮುನ್ನವೇ ದಾಸ್ತಾನಿರಬೇಕೆಂದು ಗ್ರಾಮಸಭೆಯಲ್ಲಿ ಕೇಳುವುದು ಜನರ ಹಕ್ಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ವೈದ್ಯ ತಂಡ ತಪಾಸಣೆ ಮಾಡಬೇಕಾದ ಕಾಯಿಲೆಗಳಲ್ಲಿ ಉಬ್ಬಸವೂ ಒಂದು. ತಂಡ ಬಂದ ದಿನ ಮಗುವಿನ ರಾತ್ರಿಯ ಕೆಮ್ಮನ್ನು ಹೇಳಲು ಮರೆಯಬಾರದು. ಶಿಕ್ಷಕರಿಗೆ ಪಂಪಿನ ಬಳಕೆ ತಿಳಿದಿರಲಿ, ಶಾಲೆಯ ಬೀರುವಿನಲ್ಲೊಂದು ಸ್ಪೇಸರ್ ಇರಲಿ. ಉಬ್ಬಸದ ಮಗುವನ್ನು ಆಟದ ಅಂಗಳದ ಅಂಚಿನಲ್ಲಿ ಕೂರಿಸುವುದು ಆರೈಕೆಯಲ್ಲ. ರೋಗ ಹತೋಟಿಯಲ್ಲಿದ್ದರೆ ಅದು ಎಲ್ಲರಂತೆ ಕಬಡ್ಡಿ ಆಡಬಲ್ಲದು, ಗುಡ್ಡ ಹತ್ತಬಲ್ಲದು.

ವಿದ್ಯಾರ್ಥಿಗಳು ಮಾಡಬಹುದಾದ ಒಂದು ಕೆಲಸವಿದೆ. ಮೇ ತಿಂಗಳ ರಜೆಯಲ್ಲಿ ತಮ್ಮ ಊರಿನ ಉಬ್ಬಸವಿರುವ ಮಕ್ಕಳ ಮನೆಗೆ ಹೋಗಿ ನಾಲ್ಕು ಸಂಗತಿ ವಿಚಾರಿಸಿ ಬರಬಹುದು: ಪಂಪಿನಲ್ಲಿ ಎಷ್ಟು ಒತ್ತು ಉಳಿದಿದೆ? ಸ್ಪೇಸರ್ ಇದೆಯೇ? ಬಚ್ಚಲಿಗೆ ಚಿಮಣಿ ಇದೆಯೇ? ಗೋಡೆಯ ಮೇಲೆ ಹಾಳೆ ತೂಗಿದೆಯೇ? ಇದಕ್ಕೆ ಹಣ ಬೇಡ, ಭಾಷಣವೂ ಬೇಡ.

ತೋಟದ ಗೊನೆಗೆ ಕೊಳೆ ತಗುಲದಂತೆ ಮಲೆನಾಡು ನೂರು ವರ್ಷಗಳಿಂದ ಮುಂಗಾರಿಗೆ ಮುನ್ನ ಎಚ್ಚರಗೊಳ್ಳುತ್ತ ಬಂದಿದೆ. ಮೈಲುತುತ್ತ ತರಲು ಪೇಟೆಗೆ ಹೊರಟ ಕೈಚೀಲದಲ್ಲಿ ಮಗುವಿನ ಔಷಧಿ ಚೀಟಿಯೂ ಸೇರಿದರೆ, ಈ ವರ್ಷದ ಆರಿದ್ರಾ ಮಳೆಯ ರಾತ್ರಿ ಆ ಮನೆಯ ಮಗು ನಿದ್ದೆ ಮಾಡೀತು.